ತಣ್ಣೀರಿನ ಗುಳ್ಳೆ

ಕೋಲಾರದ ಮಾರ್ಕೆಟ್ಟಿನಿಂದ ಗೂಡು ತುಂಬಿಕೊಂಡು ಬರುವಾಗ
ಎಚ್. ಕ್ರಾಸ್ ದಾಟಿ ಸ್ವಲ್ಪ ದೂರಕ್ಕೆ
ಜೈಬುನ್ನೀಸಾಳ ಕಾರು ಹೊಗೆಯಾಡಿತು.
ಗೂಡು ಆಟೋ ಹತ್ತಿ ಶಿಡ್ಲಘಟ್ಟಕ್ಕೆ ಮುಂದೆ ಹೋಯಿತು.
ಕಾರು ಟ್ರ್ಯಾಕ್ಟರಿನ ಹಗ್ಗ ಹಿಡಿದು
ಕತ್ತಲಾದ ಮೇಲೆ ನನ್ನ ಶೆಡ್ಡಿಗೆ ಬಂತು.
ಹಳೇ ಮಾರುತಿ. ಹಿಂದಿನ ಸೀಟು ಕಿತ್ತು ಯಾವ ಕಾಲವೋ.
ಒಳಗೆಲ್ಲ ಹುಳುವಿನ ವಾಸನೆ.

"ಮುಳ್ಳು ಎಲ್ಲಿಗೇರಿತ್ತು?"
"ಕೆಂಪಿಗೆ."
"ಏರಿದ ಮೇಲೆ ಎಷ್ಟು ದೂರ ಓಡಿಸಿದೆ?"
ಸುಮ್ಮನಿದ್ದಳು.
ಈ ಪ್ರಶ್ನೆಗೆ ಇಪ್ಪತ್ತಾರು ವರ್ಷದಲ್ಲಿ
ನಿಜ ಹೇಳಿದವರನ್ನು ನಾನು ಕಂಡಿಲ್ಲ.
"ಒಂದು ಮೈಲಿ," ಅಂದಳು. ಆಮೇಲೆ, "ಇಲ್ಲ, ಮೂರು.
ಗೂಡು ಬಿಸಿಲಲ್ಲಿ ನಿಲ್ಸೋಕಾಗಲ್ಲ ಗಂಗುಲಪ್ಪಣ್ಣ."

ಕಾದ ಇಂಜಿನ್ನು ನಿಜ ಹೇಳಲ್ಲ.
ಮುಚ್ಚಳಕ್ಕೆ ಕೈ ಹಾಕಬೇಡಿ ಅಂದೆ.
ಹಾಕಿ ಆಗಿತ್ತು. ಅವಳ ತಮ್ಮನ ಕೈಗೆ
ಮೊಣಕೈವರೆಗೆ ಒದ್ದೆ ಟವಲ್ಲು.

ಬೆಳಗ್ಗೆ ಒಂದೊಂದೇ ಕೇಳುತ್ತಾ ಬಂದೆ.
ಫ್ಯಾನು ತಿರುಗಿತು. ಬೆಲ್ಟು ಬಿಗಿಯಾಗಿತ್ತು.
ಥರ್ಮೋಸ್ಟಾಟ್ ಬಿಚ್ಚಿ ಟೀ ಪಾತ್ರೆಯಲ್ಲಿ ಕುದಿಸಿದೆ,
ಬಾಯಿ ಬಿಟ್ಟಿತು, ಅದರ ತಪ್ಪಿಲ್ಲ.
ನೀರು ಮೂರು ಲೀಟರು ಕಮ್ಮಿ,
ತಮ್ಮನ ಮೈಮೇಲೆ ಚಿಮ್ಮಿದ್ದೇ ಅಷ್ಟಿರಬಹುದು.
ಡಿಪ್‌ಸ್ಟಿಕ್ಕಿನ ಎಣ್ಣೆ ಎಣ್ಣೆಯ ಹಾಗೇ ಇತ್ತು,
ಎಣ್ಣೆ ಮುಚ್ಚಳದ ಅಡಿಯಲ್ಲಿ ಮಾತ್ರ
ಮಜ್ಜಿಗೆ ಜಿಡ್ಡಿನಂಥದ್ದು ಒಂದು ಬೆರಳಗಲ.
ಈ ಚಳಿಗೆ ಒಳ್ಳೇ ಕಾರೂ ಅಷ್ಟು ಬೆವರುತ್ತದೆ.
ಹೊಗೆ ಬೆಳ್ಳಗಿತ್ತು, ಸರಿ,
ಹೊತ್ತಾರೆ ಬಾಯಿ ತೆರೆದರೆ ನನ್ನದೂ ಬೆಳ್ಳಗೇ.
ಕೂಲಂಟ್ ಇದ್ದಿದ್ದರೆ ಮೂಗಿಗೆ ಸಿಹಿ ಹೊಡೆಯುತ್ತಿತ್ತು,
ಅವಳು ಹಾಕಿದ್ದು ಬರೀ ಬೋರ್‌ವೆಲ್ ನೀರು.

ಹೆಡ್ ಗ್ಯಾಸ್ಕೆಟ್ ಅಂದರೆ ದುಡ್ಡಿನ ಮಾತು.
ಅದನ್ನು ಬಾಯಿಗೆ ತಂದಿರಲಿಲ್ಲ ನಾನು.
ಬೆಂಕಿ, ನೀರು, ಎಣ್ಣೆ ಒಂದೇ ವಠಾರದಲ್ಲಿ ಬಾಳುವುದು
ಹಪ್ಪಳದಂಥ ಆ ಒಂದು ಹಾಳೆಯ ದೆಸೆಯಿಂದ.
ಅನುಮಾನಕ್ಕೇ ಹೆಡ್ಡು ಬಿಚ್ಚಿದೆವೋ,
ಚೆನ್ನಾಗಿದ್ದ ಹಾಳೆಯೂ ಮತ್ತೆ ಕೂರುವುದಿಲ್ಲ.

ತಣ್ಣಗಿದ್ದ ರೇಡಿಯೇಟರಿಗೆ ಕಂಠಮಟ್ಟ ನೀರು ಹುಯ್ದು
ಮುಚ್ಚಳ ತೆಗೆದೇ ಇಟ್ಟು ಸ್ಟಾರ್ಟ್ ಮಾಡಿಸಿದೆ.
ಗುಳ್ಳೆ ಎದ್ದವು.
"ಕುದೀತೈತೆ!" ಅಂದ ಸ್ಪ್ಯಾನರ್ ಹಿಡಿದ ಹುಡುಗ.

ಜೈಬುನ್ನೀಸಾ ಬೆರಳು ಅದ್ದಿದಳು.
ಮೂವತ್ತು ವರ್ಷ ಬಿಸಿನೀರಿನ ಬಾನಿಯಲ್ಲಿ
ಗೂಡು ಬೇಯಿಸಿ ನೂಲು ತೆಗೆದ ಬೆರಳು,
ಬೆಳ್ಳಗೆ, ಸುಕ್ಕಾಗಿ,
ಆಧಾರಿನ ಮಿಷನ್ನಿಗೂ ಗುರುತು ಕೊಡದ ಬೆರಳು.
"ತಣ್ಣಗಿದೆ. ಕುದಿಯೋದು ನನಗೆ ಗೊತ್ತು.
ಮೊದಲು ತಳದಲ್ಲಿ ಸಾಸಿವೆ, ಆಮೇಲೆ ಕಡ್ಲೆ, ಆಮೇಲೆ ಗದ್ದಲ.
ಇದು ಕುದಿ ಅಲ್ಲ.
ಇದು ಯಾರೋ ಒಳಗೆ ಕೂತು ಊದ್ತಾ ಇರೋದು."

ಹಾಲಿನ ಕವರೊಂದನ್ನು ಆ ಬಾಯಿಗೆ ಕಟ್ಟಿ
ರಬ್ಬರ್ ಬ್ಯಾಂಡು ಬಿಗಿದು ಆಕ್ಸಿಲರೇಟರ್ ಒತ್ತಿಸಿದೆ.
ಪೂರಿಯ ಹಾಗೆ ಉಬ್ಬಿತು.
ಅವಳೂ ನಗಲಿಲ್ಲ, ನಾನೂ ನಗಲಿಲ್ಲ.
"ಎಷ್ಟಾಗುತ್ತೆ?"
ಹೇಳಿದೆ.
ಸೆರಗಿನ ಗಂಟನ್ನು ಮುಟ್ಟಿ ನೋಡಿಕೊಂಡಳು, ಬಿಚ್ಚಲಿಲ್ಲ.
"ಬಿಚ್ಚು," ಅಂದಳು, ಕಾರಿನ ಕಡೆ ನೋಡಿ.

ಮಧ್ಯಾಹ್ನಕ್ಕೆ ಹೆಡ್ಡು ಕೈಗೆ ಬಂತು.
ಎರಡನೇ ಸಿಲಿಂಡರಿನಿಂದ ನೀರಿನ ತೂತಿಗೆ
ಹಾಳೆಯ ಮೇಲೆ ಒಂದು ಕಪ್ಪು ಗೆರೆ, ಕೂದಲಷ್ಟು.
ನಾನು ಕನ್ನಡಕ ಹುಡುಕುತ್ತಿದ್ದೆ,
ಅವಳ ಉಗುರು ಆಗಲೇ ಅದರ ಮೇಲಿತ್ತು.
"ಸಿಕ್ತು ಎಳೆ."

ಸ್ಟೀಲಿನ ಪಟ್ಟಿ ಇಟ್ಟು ನೋಡಿದರೆ
ಹೆಡ್ಡಿನಡಿಯಿಂದ ನೂಲಿನಷ್ಟು ಬೆಳಕು ತೂರಿತು.
ಬಾಗಿದೆ. ಅದು ಆ ಮೂರು ಮೈಲಿ.
ನಮ್ಮೂರ ಲೇತಿನವನು ಮದುವೆಗೆ ಹೋಗಿದ್ದ.
ಗೂಡಿನ ಚೀಲದಲ್ಲಿ ಹೆಡ್ಡು ಸುತ್ತಿಕೊಂಡು
ಜೈಬುನ್ನೀಸಾ ಚಿಂತಾಮಣಿ ಬಸ್ಸು ಹತ್ತಿದಳು.
"ಏನಮ್ಮಾ ಅದು ತೊಡೆ ಮೇಲೆ?" ಕಂಡಕ್ಟರು.
"ತಲೆ."
"ಯಾರ್ದು?"
"ಕಾರಿಂದು. ಇದಕ್ಕೂ ಟಿಕೆಟ್ಟಾ?"